ಸೇವೆ ಮಾಡಿದವರಿಗೆ ಮೇಲ್ಮನೆಯಲ್ಲಿ ಸ್ಥಾನ



ಊರಿಗೆ ಒಳ್ಳೆಯ ಕೆಲಸ ಮಾಡಿದವರನ್ನು ನಾವು ಹೇಗೆ ಗೌರವಿಸುತ್ತೇವೆಂಬುದು ನಿಮಗೆಲ್ಲ ಗೊತ್ತು. ಜಾತ್ರೆಗೋ ಶಾಲೆಯ ಹಬ್ಬಕ್ಕೋ ಕರೆದು, ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲ ಕೊಟ್ಟು ಕಳುಹಿಸುತ್ತೇವೆ. ಮರುದಿನ ಹಾರ ಬಾಡುತ್ತದೆ. ಆದರೆ ರಾಜ್ಯದ ವಿಧಾನ ಮಂಡಲದಲ್ಲಿ ಗೌರವಕ್ಕೆ ಇನ್ನೊಂದು ದಾರಿಯೂ ಉಂಟು. ಸೇವೆ ಮಾಡಿದವರನ್ನು ಆರು ವರ್ಷ ಕಾಲ ತನ್ನೊಳಗೇ ಕೂರಿಸಿಕೊಂಡು ಅವರ ಅನುಭವದ ಮಾತು ಕೇಳುವುದೇ ಆ ದಾರಿ. ಇದು ಹೇಗೆ ನಡೆಯುತ್ತದೆ, ಇದರಿಂದ ಹಳ್ಳಿಗೇನು ಲಾಭ ಎಂಬುದನ್ನು ತಿಳಿಯೋಣ.

ಮೇಲ್ಮನೆ ಎಂದರೇನು?

ನಮ್ಮ ರಾಜ್ಯದ ವಿಧಾನ ಮಂಡಲಕ್ಕೆ ಎರಡು ಮನೆಗಳು. ನೀವು ನೇರವಾಗಿ ಮತ ಹಾಕಿ ಕಳುಹಿಸುವ 224 ಶಾಸಕರ ಮನೆ ವಿಧಾನಸಭೆ. ಇನ್ನೊಂದು 75 ಸದಸ್ಯರ ವಿಧಾನ ಪರಿಷತ್ತು. ಇದನ್ನೇ ಮೇಲ್ಮನೆ ಎನ್ನುವುದು. ಈ 75 ಮಂದಿಯಲ್ಲಿ 25 ಮಂದಿಯನ್ನು ಶಾಸಕರು ಆರಿಸುತ್ತಾರೆ. ಇನ್ನು 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. ನಿಮ್ಮ ಗ್ರಾಮ ಪಂಚಾಯಿತಿ ಸದಸ್ಯರಿಗೂ ಇದರಲ್ಲಿ ಮತವಿದೆ. ಪದವೀಧರರು 7 ಮಂದಿಯನ್ನೂ ಶಿಕ್ಷಕರು 7 ಮಂದಿಯನ್ನೂ ಕಳುಹಿಸುತ್ತಾರೆ. ಉಳಿದ 11 ಸ್ಥಾನಗಳಿಗೆ ಚುನಾವಣೆಯಿಲ್ಲ. ಸರ್ಕಾರದ ಸಲಹೆಯಂತೆ ರಾಜ್ಯಪಾಲರು ನಾಮನಿರ್ದೇಶನ ಮಾಡುತ್ತಾರೆ.

ಯಾವ ಸೇವೆಗೆ ಈ ಗೌರವ?

ಸಂವಿಧಾನದ 171ನೆಯ ವಿಧಿ ಐದು ಕ್ಷೇತ್ರಗಳನ್ನು ಹೆಸರಿಸಿದೆ: ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ ಮತ್ತು ಸಮಾಜಸೇವೆ. ಇವುಗಳಲ್ಲಿ ವಿಶೇಷ ಜ್ಞಾನವೋ ಕೆಲಸದ ಅನುಭವವೋ ಇರಬೇಕು. ವಯಸ್ಸು 30 ತುಂಬಿರಬೇಕು.

ಸಹಕಾರ ಎಂಬ ಮಾತನ್ನು ಗಮನಿಸಿರಿ. ದೆಹಲಿಯ ರಾಜ್ಯಸಭೆಗೆ ನಾಮನಿರ್ದೇಶನ ಮಾಡುವಾಗ ಈ ಕ್ಷೇತ್ರ ಪಟ್ಟಿಯಲ್ಲಿಲ್ಲ. ರಾಜ್ಯಗಳ ಮೇಲ್ಮನೆಗೆ ಮಾತ್ರ ಇದೆ. ಸಹಕಾರವೆಂದರೆ ರೈತರದೇ ಕೆಲಸವಲ್ಲವೆ? ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಹನಿಹನಿ ಕೂಡಿದರೆ ಹಳ್ಳ ಎಂಬುದನ್ನು ಹಳ್ಳಿಯವರೇ ಮಾಡಿ ತೋರಿಸಿದ ನಾಡು ನಮ್ಮದು. ಅಂಥ ದುಡಿಮೆಗೂ ಶಾಸನ ಮಾಡುವ ಮನೆಯಲ್ಲಿ ಸ್ಥಾನವುಂಟು ಎಂದು ಸಂವಿಧಾನವೇ ಹೇಳಿದೆ.

ಕಾಡಿನಂಚಿನಿಂದ ಬಂದ ಸದಸ್ಯರು

ಒಂದು ಉದಾಹರಣೆ ನೋಡೋಣ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಡೆಯ ಕಾಡಂಚಿನಲ್ಲಿ ಸಿದ್ದಿ ಜನಾಂಗದವರಿದ್ದಾರೆ. ಇವರ ಪೂರ್ವಿಕರು ಆಫ್ರಿಕಾದವರು. ಪೋರ್ಚುಗೀಸರ ಕಾಲದಲ್ಲಿ ಅನೇಕರನ್ನು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಕಾಡು ಸೇರಿದರು. ಬೇಸಾಯ, ತೋಟದ ಕೂಲಿ, ಜೇನು ಇವರ ಬದುಕು. ತಲೆತಲಾಂತರ ಸಾಗುವಳಿ ಮಾಡಿದ ಭೂಮಿಗೆ ಕಾಗದವಿಲ್ಲದ ಕಷ್ಟ ಅನೇಕರದು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

ಜನಸಂಖ್ಯೆ ಕಡಿಮೆ, ಊರುಗಳು ಚದುರಿವೆ. ಚುನಾವಣೆಯಲ್ಲಿ ಗೆದ್ದು ವಿಧಾನಸೌಧ ಸೇರುವುದು ಇಂಥವರಿಗೆ ಸುಲಭವಲ್ಲ. ವನವಾಸಿ ಕಲ್ಯಾಣ ಸಂಸ್ಥೆಯ ಮೂಲಕ ಬಹುಕಾಲ ಬುಡಕಟ್ಟು ಜನರ ನಡುವೆ ದುಡಿದ ಶಾಂತಾರಾಮ ಸಿದ್ದಿಯವರನ್ನು 2020ರ ಜುಲೈಯಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನ ಮಾಡಲಾಯಿತು. ಆ ಜನಾಂಗದಿಂದ ನಮ್ಮ ವಿಧಾನ ಮಂಡಲಕ್ಕೆ ಬಂದ ಮೊದಲಿಗರು ಅವರೇ. ಶಾಲು ಹೊದಿಸಿದ್ದರೆ ಒಬ್ಬರಿಗೆ ಗೌರವವಾಗುತ್ತಿತ್ತು. ಸ್ಥಾನ ಕೊಟ್ಟದ್ದರಿಂದ ಒಂದು ಜನಾಂಗಕ್ಕೇ ಬಾಯಿ ಬಂದಂತಾಯಿತು.

ಸ್ಥಾನದಿಂದ ಪ್ರಯೋಜನವೇನು?

ನಾಮನಿರ್ದೇಶಿತ ಸದಸ್ಯರು ಕೇವಲ ಅತಿಥಿಗಳಲ್ಲ. ಮಂತ್ರಿಗಳನ್ನು ಪ್ರಶ್ನಿಸಬಹುದು, ಮಂತ್ರಿಗಳು ಉತ್ತರ ಕೊಡಬೇಕು. ವಿಧೇಯಕಗಳ ಮೇಲೆ ಮಾತನಾಡಬಹುದು, ತಿದ್ದುಪಡಿ ಸೂಚಿಸಬಹುದು, ಮತ ಹಾಕಬಹುದು. ಆದರೆ ಮೇಲ್ಮನೆಗೂ ಒಂದು ಮಿತಿಯುಂಟು. ಹಣಕಾಸು ವಿಧೇಯಕವನ್ನು ಅದು 14 ದಿನಕ್ಕಿಂತ ಹೆಚ್ಚು ತಡೆಹಿಡಿಯಲಾರದು. ಅಲ್ಲಿ ಆಡಿದ ಮಾತು ದಾಖಲೆಯಲ್ಲಿ ಉಳಿಯುತ್ತದೆ ಎಂಬುದೇ ದೊಡ್ಡ ಲಾಭ.

ನಿಮ್ಮ ಪಾಲಿನ ಕೆಲಸ

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಪಕ್ಷಕ್ಕೆ ದುಡಿದದ್ದು ಸಂವಿಧಾನದ ಆ ಐದು ಕ್ಷೇತ್ರಗಳಲ್ಲಿ ಸೇರಿಲ್ಲ. ಆದರೂ ಚುನಾವಣೆಯಲ್ಲಿ ಸೋತವರಿಗೂ ಪಕ್ಷದ ಮುಖಂಡರಿಗೂ ಈ ಸ್ಥಾನಗಳು ಹೋಗುತ್ತವೆಂಬ ದೂರು ಹಳೆಯದು. ಜನ ಸುಮ್ಮನಿದ್ದರೆ ಆ ದೂರು ಹಾಗೆಯೇ ಉಳಿಯುತ್ತದೆ.

ಆದುದರಿಂದ ಮೂರು ಕೆಲಸ ಮಾಡಿರಿ. ಮೊದಲನೆಯದು, ನಿಮ್ಮ ಸುತ್ತಿನಲ್ಲಿ ಹಾಲಿನ ಸಂಘವನ್ನೋ ಪತ್ತಿನ ಸಂಘವನ್ನೋ ಪ್ರಾಮಾಣಿಕವಾಗಿ ನಡೆಸಿದವರು, ಕೆರೆಯ ಹೂಳು ತೆಗೆಸಿದವರು ಇದ್ದರೆ ಅವರ ಕೆಲಸವನ್ನು ವರ್ಷವಾರು ಬರೆದಿಡಿರಿ. ಬರೆದಿಡದ ಸೇವೆ ದೂರದವರ ಕಣ್ಣಿಗೆ ಬೀಳದು. ಎರಡನೆಯದು, ಅಂಥವರ ಹೆಸರನ್ನು ನಿಮ್ಮ ಶಾಸಕರಿಗೂ ಮುಖ್ಯಮಂತ್ರಿಗಳಿಗೂ ಬರೆದು ತಿಳಿಸಿರಿ. ಇದಕ್ಕೆ ಯಾರ ಅಪ್ಪಣೆಯೂ ಬೇಡ. ಮೂರನೆಯದು, ಸ್ಥಾನ ಪಡೆದವರನ್ನು ಊರಿಗೆ ಕರೆಯಿರಿ. ಹಾರ ಹಾಕುವುದರ ಜೊತೆಗೆ ನಿಮ್ಮ ಕಷ್ಟವನ್ನು ಅರ್ಜಿಯಲ್ಲಿ ಬರೆದು ಕೈಗೆ ಕೊಡಿರಿ. ಮನೆಯಲ್ಲಿ ಏನು ಕೇಳಿದಿರಿ, ಏನು ಉತ್ತರ ಬಂತು ಎಂದು ಮುಂದಿನ ವರ್ಷ ವಿಚಾರಿಸಿರಿ.

ಸೇವೆ ಮಾಡಿದವರಿಗೆ ಸ್ಥಾನ ಸಿಗಲಿ. ಸ್ಥಾನ ಸಿಕ್ಕ ಮೇಲೆಯೂ ಸೇವೆ ನಡೆಯಲಿ. ಎರಡನ್ನೂ ನೋಡಿಕೊಳ್ಳುವ ಹೊಣೆ ನಮ್ಮ ನಿಮ್ಮದೇ.