ಜಾಗತೀಕರಣ ಮತ್ತು ನಗರಗಳ ಹೊಸ ಪಾತ್ರ: ಬೆಂಗಳೂರಿನ ಅನುಭವ

ಸುತ್ತಲಿನ ಸೀಮೆಯ ಬೆಳೆ ಹಾಗೂ ವ್ಯಾಪಾರದ ಬಲದಿಂದ ನಗರವು ಬೆಳೆಯುತ್ತದೆ ಎಂಬುದು ಹಿಂದಿನ ತಿಳಿವಳಿಕೆ. ಹುಬ್ಬಳ್ಳಿ, ದಾವಣಗೆರೆಗಳು ಹತ್ತಿಯಿಂದ ಏಳಿಗೆ ಹೊಂದಿದ್ದು ಹೀಗೆಯೇ. ಜಾಗತೀಕರಣವು ಈ ಸಂಬಂಧವನ್ನು ಸಡಿಲಗೊಳಿಸಿದೆ. ವಿಶ್ವದ ಉತ್ಪಾದನಾ ಸರಪಳಿಯಲ್ಲಿ ಯಾವ ಕೆಲಸವನ್ನು ನಿರ್ವಹಿಸುತ್ತದೆ ಎಂಬುದರ ಮೇಲೆ ಇಂದು ನಗರದ ಆರ್ಥಿಕ ಸ್ಥಾನ ನಿಂತಿದೆ. ಇದಕ್ಕೆ ಬೆಂಗಳೂರು ಸಮೀಪದ ನಿದರ್ಶನ.

ಹಳೆಯ ತಳಹದಿ

ಎಚ್.ಎ.ಎಲ್. (1940), ಐ.ಟಿ.ಐ. (1948), ಎಚ್.ಎಂ.ಟಿ. (1953) ಹಾಗೂ ಬಿ.ಇ.ಎಲ್. (1954) ಮುಖ್ಯವಾಗಿ ದೇಶದ ಅಗತ್ಯಕ್ಕಾಗಿ ಉತ್ಪಾದಿಸಿದವು. ಇಂತಹ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಒದಗಿಸುವ ಸಣ್ಣ ಘಟಕಗಳು ರಾಜಾಜಿನಗರ, ಪೀಣ್ಯಗಳಲ್ಲಿ ನೆಲೆಗೊಂಡವು. ನುರಿತ ಕೆಲಸಗಾರರು ಹಾಗೂ ಇಂಜಿನಿಯರುಗಳ ಒಂದು ಪೀಳಿಗೆಯೇ ಇಲ್ಲಿ ರೂಪುಗೊಂಡಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಇಲ್ಲಿಗೆ ಬಂದಾಗ ಈ ತಳಹದಿ ಸಿದ್ಧವಾಗಿತ್ತು.

1991ರ ಉದಾರೀಕರಣದ ನಂತರ ನಗರದ ಗ್ರಾಹಕರು ಸಾಗರದಾಚೆಗೂ ಹಬ್ಬಿದರು. 1991ರಲ್ಲಿ ಸುಮಾರು 41 ಲಕ್ಷವಿದ್ದ ಜನಸಂಖ್ಯೆ 2011ರ ವೇಳೆಗೆ 85 ಲಕ್ಷಕ್ಕೇರಿತು.

ಲಾಭ ಮತ್ತು ಬೆಲೆ

ಈ ಬೆಳವಣಿಗೆಯಿಂದ ವರ್ತಕರಿಗೆ ದೊಡ್ಡ ಮಾರುಕಟ್ಟೆ ದೊರೆಯಿತು. ಆದರೆ ಭೂಮಿಯ ಬೆಲೆ ಏರಿದಂತೆ ಯಂತ್ರದ ಷೆಡ್ಡಿಗಿಂತ ಕಚೇರಿ ಕಟ್ಟಡವೇ ಮಾಲೀಕನಿಗೆ ಲಾಭದಾಯಕವಾಯಿತು. ಮಲ್ಲೇಶ್ವರದ ರಾಜಾ ಮಿಲ್ಲಿನ ನಿವೇಶನದಲ್ಲಿ ಇಂದು ಮಾಲ್ ನಿಂತಿದೆ. 2001ರ ಏಪ್ರಿಲ್‌ನಲ್ಲಿ ಆಮದಿನ ಪರಿಮಾಣ ನಿರ್ಬಂಧಗಳು ತೆರವಾದಾಗ ಸಣ್ಣ ತಯಾರಕರು ವಿದೇಶೀ ಸರಕಿನೊಡನೆ ನೇರವಾಗಿ ಸ್ಪರ್ಧಿಸಬೇಕಾಯಿತು. ಎಚ್.ಎಂ.ಟಿ. ಕೈಗಡಿಯಾರ ಘಟಕವನ್ನು ಮುಚ್ಚುವ ನಿರ್ಧಾರ 2016ರಲ್ಲಿ ಹೊರಬಿದ್ದಿತು.

ಹೊಸ ಬಾಗಿಲುಗಳೂ ತೆರೆದವು. ಬಿಡದಿಯಲ್ಲಿ ಟೊಯೋಟಾ ಕಾರುಗಳ ತಯಾರಿಕೆ 1999ರಲ್ಲಿ ಆರಂಭವಾಯಿತು. 2005ರ ಜನವರಿಯಿಂದ ಜವಳಿ ರಫ್ತಿನ ಕೋಟಾ ಪದ್ಧತಿ ರದ್ದಾದುದು ಸಿದ್ಧ ಉಡುಪಿಗೆ ಅವಕಾಶ ನೀಡಿತು. ಆದರೆ ಸರಪಳಿಯ ಒಂದು ತುದಿಯ ಆಘಾತ ಇನ್ನೊಂದು ತುದಿಗೂ ತಟ್ಟುತ್ತದೆ. 2008ರ ಹಣಕಾಸು ಬಿಕ್ಕಟ್ಟು, 2025ರ ಆಗಸ್ಟ್‌ನಲ್ಲಿ ಅಮೆರಿಕವು ಭಾರತದ ಹಲವು ಸರಕುಗಳ ಮೇಲೆ ವಿಧಿಸಿದ ಶೇ. 50ರ ಸುಂಕ ಇದಕ್ಕೆ ಸಾಕ್ಷಿ.

ಉದ್ದಿಮೆದಾರರಿಗೆ ಪಾಠ

ಮೊದಲನೆಯದಾಗಿ, ಒಬ್ಬನೇ ಗ್ರಾಹಕನನ್ನು ಅಥವಾ ಒಂದೇ ದೇಶವನ್ನು ನೆಚ್ಚುವುದು ಅಪಾಯಕರ. ರಫ್ತಿನೊಡನೆ ಸ್ವದೇಶೀ ಮಾರುಕಟ್ಟೆಯನ್ನೂ ಉಳಿಸಿಕೊಳ್ಳಬೇಕು. ಎರಡನೆಯದಾಗಿ, ಸರಪಳಿಯೊಳಗೆ ಪ್ರವೇಶಿಸಲು ಅಗ್ಗದ ದರವೊಂದೇ ಸಾಲದು. ನಿಖರ ಅಳತೆ, ಗುಣಮಟ್ಟದ ಪ್ರಮಾಣಪತ್ರ ಮತ್ತು ಹೇಳಿದ ದಿನಕ್ಕೆ ಪೂರೈಕೆ ಅನಿವಾರ್ಯ. ಒಬ್ಬರಿಗೆ ಭಾರವಾಗುವ ಪರೀಕ್ಷಾ ಯಂತ್ರಗಳನ್ನು ಹಲವರು ಸೇರಿ ಹೊಂದುವುದು ಲೇಸು.

ಮೂರನೆಯದಾಗಿ, ಈ ಅವಕಾಶವು ರಾಜಧಾನಿಗೆ ಮಾತ್ರ ಮೀಸಲಲ್ಲ. ಎರಕದ ಕೆಲಸಕ್ಕೆ ಹೆಸರಾದ ಬೆಳಗಾವಿಯ ಸಮೀಪ, ಹತ್ತರಗಿಯಲ್ಲಿ ಇಂದು ವಿಮಾನದ ಬಿಡಿಭಾಗಗಳು ತಯಾರಾಗುತ್ತಿವೆ. ಭೂಮಿ ದುಬಾರಿಯಾದ ಬೆಂಗಳೂರಿನಲ್ಲಿ ವಿಸ್ತರಣೆ ಸಾಧ್ಯವಾಗದ ಘಟಕಗಳು ಇಂತಹ ಜಿಲ್ಲಾ ಕೇಂದ್ರಗಳತ್ತ ದೃಷ್ಟಿ ಹರಿಸುವುದು ಸೂಕ್ತ. ಊರಿನ ಕೈಗಳಲ್ಲಿ ಈಗಾಗಲೇ ಇರುವ ಕೌಶಲವನ್ನು ಗುರುತಿಸಿ ಬೆಳೆಸಿದ ನಗರಕ್ಕೆ ವಿಶ್ವದ ಮಾರುಕಟ್ಟೆಯಲ್ಲಿ ಸ್ಥಾನ ದೊರೆಯುತ್ತದೆ.