ಅಂಗಡಿಯಲ್ಲಿ ಹಾಡು: ಹಕ್ಕು ಯಾರದು, ಶುಲ್ಕ ಯಾರಿಗೆ?

ಜವಳಿ ಮಳಿಗೆ, ಹೋಟೆಲು, ಬೇಕರಿ, ವ್ಯಾಯಾಮಶಾಲೆಗಳಲ್ಲಿ ಗ್ರಾಹಕರಿಗಾಗಿ ಚಿತ್ರಗೀತೆಗಳನ್ನು ಹಾಕುವುದು ಸಾಮಾನ್ಯ ಸಂಗತಿಯಾಗಿದೆ. ಬೆಲೆ ತೆತ್ತು ಕೊಂಡ ಸಿ.ಡಿ. ಅಥವಾ ಚಂದಾ ಕಟ್ಟಿದ ಮೊಬೈಲ್ ಆಪ್ ಇರುವಾಗ ಮತ್ತೇಕೆ ಶುಲ್ಕ ಎಂಬುದು ವರ್ತಕರ ಸಹಜ ಪ್ರಶ್ನೆ. ಕೊಂಡದ್ದು ಸ್ವಂತಕ್ಕೆ ಕೇಳುವ ಅವಕಾಶವನ್ನು ಮಾತ್ರ. ಸಾರ್ವಜನಿಕರಿಗೆ ಕೇಳಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂಬುದೇ ಕಾನೂನಿನ ಉತ್ತರ.

1957ರ ಕೃತಿಸ್ವಾಮ್ಯ ಅಧಿನಿಯಮದ ದೃಷ್ಟಿಯಲ್ಲಿ ಹಾಡು ಒಂದೇ ಸ್ವತ್ತಲ್ಲ. ಸಾಹಿತ್ಯ ಮತ್ತು ಸಂಗೀತ ಸಂಯೋಜನೆಗೆ ಕರ್ತೃವಿನ ಜೀವಿತಾವಧಿ ಹಾಗೂ ಆನಂತರದ 60 ವರ್ಷಗಳ ರಕ್ಷಣೆಯಿದೆ. ಧ್ವನಿಮುದ್ರಿಕೆಯ ಹಕ್ಕು ಅದರ ನಿರ್ಮಾಪಕರದು. ಅದು ಪ್ರಕಟಣೆಯ ಮುಂದಿನ ವರ್ಷದ ಆರಂಭದಿಂದ 60 ವರ್ಷ ಊರ್ಜಿತದಲ್ಲಿರುತ್ತದೆ. ಗಾಯಕರು ಮತ್ತು ವಾದಕರಿಗೆ 1994ರ ತಿದ್ದುಪಡಿಯಿಂದ ಪ್ರದರ್ಶಕರ ಹಕ್ಕು ಲಭಿಸಿತು. ಅದರ ಅವಧಿ ಈಗ 50 ವರ್ಷ. ವಾಣಿಜ್ಯ ಬಳಕೆಗೆ ರಾಯಲ್ಟಿ ಪಡೆಯುವ ಅಧಿಕಾರವನ್ನು 2012ರ ತಿದ್ದುಪಡಿ ಅವರಿಗೆ ನೀಡಿತು.

ಪ್ರತಿಯೊಬ್ಬ ವರ್ತಕನೂ ಪ್ರತಿಯೊಬ್ಬ ಹಕ್ಕುದಾರನನ್ನು ಹುಡುಕಿ ಒಪ್ಪಿಗೆ ಪಡೆಯುವುದು ಅಸಾಧ್ಯ. ಈ ತೊಡಕಿನ ಪರಿಹಾರವೇ ಸಾಮೂಹಿಕ ನಿರ್ವಹಣೆ. ಅಧಿನಿಯಮದ 33ನೇ ಪ್ರಕರಣದಡಿ ನೋಂದಾಯಿತವಾದ ಕೃತಿಸ್ವಾಮ್ಯ ಸಂಘವು ಸದಸ್ಯರೆಲ್ಲರ ಪರವಾಗಿ ಪರವಾನಗಿ ನೀಡಿ, ಶುಲ್ಕ ಸಂಗ್ರಹಿಸಿ, ಹಕ್ಕುದಾರರಿಗೆ ಹಂಚುತ್ತದೆ. ಸಾಹಿತ್ಯ-ಸಂಗೀತಕ್ಕಾಗಿ 1969ರಲ್ಲಿ ಸ್ಥಾಪಿತವಾದ ಐಪಿಆರ್‌ಎಸ್ 2017ರಲ್ಲಿ ಮರುನೋಂದಣಿ ಪಡೆಯಿತು. ಗಾಯಕರ ಸಂಘವಾದ ಇಸ್ರಾ 2013ರಲ್ಲಿಯೂ, ಧ್ವನಿಮುದ್ರಿಕೆಗಳ ಸಂಘವಾದ ಆರ್‌ಎಂಪಿಎಲ್ 2021ರಲ್ಲಿಯೂ ನೋಂದಾಯಿತವಾದವು. ನೋಂದಾಯಿತ ಸಂಘವು ತನ್ನ ದರಪಟ್ಟಿಯನ್ನು ಪ್ರಕಟಿಸಲೇಬೇಕು; ದರ ಅನ್ಯಾಯವೆನಿಸಿದವರಿಗೆ ಮೇಲ್ಮನವಿಯ ಮಾರ್ಗವಿದೆ.

ತೊಡಕು ಇರುವುದು ಬೇರೆಡೆ. ನೋಂದಾಯಿತ ಸಂಘವಲ್ಲದಿದ್ದರೂ ನಿರ್ಮಾಪಕರಿಂದ ಹಕ್ಕುಗಳನ್ನು ವಹಿಸಿಕೊಂಡು ಪರವಾನಗಿ ನೀಡುವ ಕಂಪನಿಗಳೂ ಇವೆ. ಪರವಾನಗಿ ನೀಡಿಕೆಯ ವ್ಯವಹಾರಕ್ಕೆ ಸಂಘದ ನೋಂದಣಿ ಅಗತ್ಯವೆಂದು 2021ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಹಕ್ಕಿನ ಒಡೆಯನಾದವನು ತಾನೇ ಪರವಾನಗಿ ನೀಡಬಹುದೆಂದು 2024ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. 2025ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠವು ಬಾಂಬೆಗಿಂತ ಭಿನ್ನವಾದ ನಿಲುವು ತಳೆದ ನಂತರ ವಿವಾದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಹೀಗಾಗಿ ಒಂದೇ ಹಾಡಿಗೆ ಇಬ್ಬರು ಬೇಡಿಕೆ ಪತ್ರ ಕಳುಹಿಸಿದರೆ ವರ್ತಕರು ಗೊಂದಲಕ್ಕೀಡಾಗುವುದು ಸಹಜ.

ಹಾಗೆಂದು ಬೇಡಿಕೆ ಪತ್ರವನ್ನು ಕಡೆಗಣಿಸುವುದು ಕ್ಷೇಮವಲ್ಲ. ತಿಳಿದೂ ಉಲ್ಲಂಘಿಸಿದವರಿಗೆ 63ನೇ ಪ್ರಕರಣದಡಿ 6 ತಿಂಗಳಿನಿಂದ 3 ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಮದುವೆ ಮೆರವಣಿಗೆ ಹಾಗೂ ಮದುವೆಗೆ ಸಂಬಂಧಿಸಿದ ಸಾಮಾಜಿಕ ಸಮಾರಂಭಗಳಿಗೆ 52ನೇ ಪ್ರಕರಣದಲ್ಲಿ ವಿನಾಯಿತಿಯುಂಟು. ಹೋಟೆಲಿನ ನಿತ್ಯದ ಸಂಗೀತಕ್ಕೆ ಅದು ಅನ್ವಯಿಸದು.

ಆದ್ದರಿಂದ ಹಣ ಪಾವತಿಸುವ ಮುನ್ನ ಮೂರು ವಿಷಯಗಳನ್ನು ಲಿಖಿತವಾಗಿ ಕೇಳುವುದು ಉಚಿತ: ಬೇಡಿಕೆ ಯಾವ ಹಕ್ಕಿಗೆ ಸಂಬಂಧಿಸಿದ್ದು, ಅಧಿಕಾರ ಬಂದದ್ದು ನೋಂದಣಿಯಿಂದಲೋ, ಹಕ್ಕು ವರ್ಗಾವಣೆ ಪತ್ರದಿಂದಲೋ, ಯಾವ ಹಾಡುಗಳು ಅದರ ವ್ಯಾಪ್ತಿಗೆ ಬರುತ್ತವೆ. ಉತ್ತರ ತೃಪ್ತಿಕರವಾಗಿದ್ದಲ್ಲಿ ಜಿಎಸ್‌ಟಿ ಸಹಿತ ಬಿಲ್ಲು ಪಡೆದು, ಬ್ಯಾಂಕ್ ಮೂಲಕ ಪಾವತಿಸಿ, ಪರವಾನಗಿಯ ಅವಧಿಯನ್ನು ಲೆಕ್ಕಪತ್ರದೊಡನೆ ದಾಖಲಿಸಿಡಬೇಕು. ಸರಕು ತಂದವನಿಗೆ ಬೆಲೆ ಕೊಡುವುದು ವ್ಯಾಪಾರಧರ್ಮ. ಹಾಡಿದವರಿಗೂ ಅದೇ ನ್ಯಾಯ ಸಲ್ಲಬೇಕು. ಆದರೆ ಹಣ ಸರಿಯಾದ ಕೈಗೆ ಸೇರುತ್ತಿದೆಯೇ ಎಂದು ನೋಡಿಕೊಳ್ಳುವ ಹಕ್ಕು ಕೊಡುವವನಿಗೂ ಇದೆ.