ಫೈಬರ್ ಕೋಲಿಗೆ ಕರೆಂಟ್ ಹೊಡೆಯುವುದಿಲ್ಲವೇ?

ಎರಡು ಮೂರು ಮಹಡಿಯ ಕಟ್ಟಡದ ಕಿಟಕಿ ಗಾಜನ್ನು ಏಣಿ ಹತ್ತದೆ ನೆಲದ ಮೇಲೆ ನಿಂತೇ ತೊಳೆಯುವ ಉದ್ದನೆಯ ಕೋಲುಗಳಿವೆ. ತುದಿಯಲ್ಲಿ ಬ್ರಷ್, ಕೋಲಿನುದ್ದಕ್ಕೂ ಸಣ್ಣ ಪೈಪ್, ಬ್ರಷ್ಷಿನ ಬಳಿ ಚಿಮ್ಮುವ ನೀರು. ಚಾವಣಿಯ ಮೇಲಿನ ಸೌರಫಲಕ ತೊಳೆಯಲು ಬಳಸುವುದೂ ಇದೇ ಜಾತಿಯ ಕೋಲು. ಹಾಸನ ಸೀಮೆಯ ತೋಟದವರಿಗೆ ಇದರ ಅಣ್ಣನ ಪರಿಚಯ ಚೆನ್ನಾಗಿದೆ: ಅಡಿಕೆ ಗೊನೆ ಇಳಿಸುವ, ಪೈಪ್ ಕಟ್ಟಿಕೊಂಡು ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ.

ಈ ಕೋಲುಗಳಿಂದ ಆದ ಉಪಕಾರ ಸಣ್ಣದಲ್ಲ. ಏಣಿಯಿಂದಲೋ ಮರದಿಂದಲೋ ಬಿದ್ದು ಬೆನ್ನುಮೂಳೆ ಮುರಿದುಕೊಳ್ಳುವ ಭಯ ತಪ್ಪಿತು. ಆದರೆ ಅಪಾಯ ಪೂರ್ತಿ ಹೋಗಲಿಲ್ಲ, ಜಾಗ ಬದಲಿಸಿತು ಅಷ್ಟೆ. ಮೊದಲು ಆಳು ಮೇಲೆ ಹೋಗುತ್ತಿದ್ದ, ಈಗ ಕೋಲು ಮೇಲೆ ಹೋಗುತ್ತದೆ. ಮೇಲೆ ವಿದ್ಯುತ್ ತಂತಿ ಇದೆ. ಅದನ್ನು ತೋರಿಸಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: “ಇದು ಫೈಬರ್ ಅಲ್ವಾ, ಏನೂ ಆಗಲ್ಲ.”

ಆಗುತ್ತದೆ.

ಹೆಸರು ಒಂದೇ, ಗುಣ ಬೇರೆ

ಫೈಬರ್ ಎಂದರೆ ನಾರು, ಅಷ್ಟೆ. ಯಾವುದರ ನಾರು ಎಂಬುದು ಮುಖ್ಯ. ಗಾಜಿನ ನಾರಿನಿಂದ ಮಾಡಿದ ಗ್ಲಾಸ್ ಫೈಬರ್ ಒಣಗಿದ್ದಾಗ ವಿದ್ಯುತ್ತನ್ನು ಬಿಡುವುದಿಲ್ಲ. ಲೈನ್‌ಮನ್‌ಗಳು ಬಳಸುವ ಪರೀಕ್ಷಿಸಿದ ಕೋಲುಗಳು ಆ ಬಗೆಯವು. ಕಾರ್ಬನ್ ಫೈಬರ್ ಇಂಗಾಲದ ನಾರು. ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಗ್ರಾಫೈಟಿನ ಸಂಬಂಧಿ. ಪೆನ್ಸಿಲ್ ಕಡ್ಡಿಯನ್ನು ಬ್ಯಾಟರಿಗೂ ಬಲ್ಬಿಗೂ ನಡುವೆ ಇಟ್ಟು ಬಲ್ಬ್ ಹೊತ್ತಿಸಿದ ಶಾಲೆಯ ಪ್ರಯೋಗ ನೆನಪಿಸಿಕೊಳ್ಳಿ. ತಾಮ್ರದಷ್ಟು ಸಲೀಸಾಗಿ ಅಲ್ಲದಿದ್ದರೂ, ಮನುಷ್ಯನನ್ನು ಕೊಲ್ಲಲು ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ವಿದ್ಯುತ್ತನ್ನು ಕಾರ್ಬನ್ ಫೈಬರ್ ಹರಿಯಬಿಡುತ್ತದೆ. ಹಗುರವಾಗಿ, ಬಾಗದೆ ನಿಲ್ಲುತ್ತದೆ ಎಂಬ ಕಾರಣಕ್ಕೆ ಅತಿ ಉದ್ದದ ಕೋಲುಗಳನ್ನು ಮಾಡುವುದು ಬಹುಪಾಲು ಇದರಿಂದಲೇ. ಎರಡನ್ನೂ ಬೆರೆಸಿ ಮಾಡಿದ ಕೋಲುಗಳೂ ಇವೆ. ಅವನ್ನೂ ವಾಹಕ ಎಂದೇ ಎಣಿಸಬೇಕು.

“ಟೆಸ್ಟರ್ ಇಟ್ಟು ನೋಡಿದೆ, ಉರಿಯಲಿಲ್ಲ” ಎನ್ನುವವರಿದ್ದಾರೆ. ಕೋಲಿನ ಮೇಲೆ ತೆಳುವಾದ ವಾರ್ನಿಷ್ ಪದರ ಇರುತ್ತದೆ. ಮನೆಯ ಕರೆಂಟಿಗೋ ಮಲ್ಟಿಮೀಟರಿನ ಸಣ್ಣ ಬ್ಯಾಟರಿಗೋ ಅದು ಅಡ್ಡ ಬರಬಹುದು. 11,000 ವೋಲ್ಟಿಗೆ ಅದು ಕಾಗದದ ಗೋಡೆ.

ರಬ್ಬರ್ ಚಪ್ಪಲಿಯ ಮೇಲಿನ ನಂಬಿಕೆಯೂ ಹಾಗೆಯೇ. 11 ಕೆವಿ ಲೈನಿನ ಒಂದು ತಂತಿಗೂ ನೆಲಕ್ಕೂ ನಡುವಿನ ಒತ್ತಡ ಸುಮಾರು 6,350 ವೋಲ್ಟ್. ಹೃದಯದ ಬಡಿತ ದಿಕ್ಕೆಡಲು 0.1 ಆಂಪಿಯರ್ ಸಾಕು. ನೀರು ಚೆಲ್ಲಿದ ನೆಲದ ಮೇಲೆ ಸವೆದ ಹವಾಯಿ ಚಪ್ಪಲಿ ಏನನ್ನು ತಡೆದೀತು?

ಶುದ್ಧ ನೀರಿನ ಅರ್ಧಸತ್ಯ

ಗಾಜು ತೊಳೆಯುವ ವೃತ್ತಿಯವರು ಲವಣ ತೆಗೆದ ನೀರನ್ನು ಬಳಸುತ್ತಾರೆ. ಬೋರ್‌ವೆಲ್ಲಿನ ಗಡಸು ನೀರು ಗಾಜಿನ ಮೇಲೆ ಒಣಗಿದರೆ ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿ ಕಲೆಯಾಗಿ ಉಳಿಯುತ್ತವೆ. ಲವಣವೇ ಇಲ್ಲದ ನೀರು ಕಲೆ ಬಿಡದೆ ಒಣಗುತ್ತದೆ, ಒರೆಸುವ ಕೆಲಸವಿಲ್ಲ. ಅಂಥ ನೀರು ವಿದ್ಯುತ್ತಿಗೆ ಕೆಟ್ಟ ವಾಹಕ ಎಂಬುದೂ ನಿಜ, ಆದರೆ ಫಿಲ್ಟರಿನಿಂದ ಹೊರಬಂದ ಗಳಿಗೆಯಲ್ಲಿ ಮಾತ್ರ. ಗಾಜಿನ ಧೂಳು, ಹಕ್ಕಿ ಹಿಕ್ಕೆ, ಕೈಬೆವರಿನ ಉಪ್ಪು ಸೇರಿ ಕೋಲಿನ ಮೇಲೆ ಇಳಿಯುವ ನೀರು ಆ ನೀರಲ್ಲ. ಗ್ಲಾಸ್ ಫೈಬರ್ ಕೋಲೂ ಒದ್ದೆಯಾಗಿ ಕೊಳೆಯಾದಾಗ ನಂಬಿಕೆಗೆ ಅರ್ಹವಲ್ಲ ಎನ್ನುವುದು ಇದಕ್ಕೇ. ತೋಟದಲ್ಲಂತೂ ಪೈಪಿನೊಳಗೆ ಹರಿಯುವುದು ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ ಬೆರೆತ ನೀರು. ಅದು ವಿದ್ಯುತ್ತನ್ನು ಚೆನ್ನಾಗಿಯೇ ಹರಿಸುತ್ತದೆ.

ಎಷ್ಟು ದೂರ?

ತಂತಿ ನಾಲ್ಕಾರು ಅಡಿ ದೂರದಿಂದಲೇ “ಎಳೆದುಕೊಳ್ಳುತ್ತದೆ” ಎಂಬ ಮಾತೂ ಇದೆ. 11 ಕೆವಿಗೆ ಅದು ಅತಿಯಾಯಿತು. ಕಿಡಿ ಹಾರುವುದು ಒಂದೆರಡು ಸೆಂಟಿಮೀಟರ್ ಅಂತರದಲ್ಲಿ. ಆದರೂ ದೂರ ಇರಬೇಕು, ಏಕೆಂದರೆ ಸಮಸ್ಯೆ ಇರುವುದು ಕೋಲಿನ ತುದಿಯ ಓಲಾಟದಲ್ಲಿ. 30 ಅಡಿಯ ಕೋಲು ಕೈಯಲ್ಲಿ 5 ಡಿಗ್ರಿ ವಾಲಿದರೆ ತುದಿ ಎರಡೂವರೆ ಅಡಿ ಸರಿದಿರುತ್ತದೆ. ಕೆಳಗಿನಿಂದ ಕತ್ತೆತ್ತಿ ನೋಡುವವನಿಗೆ, ಅದರಲ್ಲೂ ಬಿಸಿಲು ಕಣ್ಣಿಗೆ ಹೊಡೆಯುವಾಗ, ತುದಿ ತಂತಿಯ ಮುಂದಿದೆಯೋ ಹಿಂದಿದೆಯೋ ತಿಳಿಯುವುದಿಲ್ಲ. ಬಿಸಿಲೇರಿದಂತೆ ತಂತಿಯೂ ಹಿಗ್ಗಿ ಕೆಳಗೆ ಜೋಲುತ್ತದೆ.

ನಿಯಮದ ಅಂಕಿಗಳನ್ನು ನೋಡಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಂತೆ 11 ಕೆವಿ ತಂತಿ ಕಟ್ಟಡದ ಪಕ್ಕದಿಂದ ಕನಿಷ್ಠ 1.2 ಮೀಟರ್, ಅಂದರೆ ನಾಲ್ಕು ಅಡಿ ದೂರವಿರಬೇಕು. ರಸ್ತೆ ಬಿಟ್ಟು ಬೇರೆ ಕಡೆ, ಹೊಲ ತೋಟಗಳ ಮೇಲೆ, ಹೊದಿಕೆ ಇಲ್ಲದ 11 ಕೆವಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್, ಸುಮಾರು 15 ಅಡಿ ಎತ್ತರದಲ್ಲಿರಬೇಕು. ಇವು ಬರಿಗೈಯಲ್ಲಿ ಓಡಾಡುವವರಿಗಾಗಿ ಹಾಕಿದ ಲೆಕ್ಕ. ಹೊಳೆನರಸೀಪುರದ ಪೇಟೆಬೀದಿಯಲ್ಲಿ ಬಾಲ್ಕನಿಯಿಂದ ಕೋಲು ಚಾಚಿದರೆ, ಚನ್ನರಾಯಪಟ್ಟಣದ ತೆಂಗಿನ ತೋಟದಲ್ಲಿ 20 ಅಡಿಯ ದೋಟಿಯನ್ನು ನೆಟ್ಟಗೆ ಹೊತ್ತು ನಡೆದರೆ, ನಿಯಮದಂತೆಯೇ ಎಳೆದ ತಂತಿಗೂ ಅದು ತಾಗೀತು.

ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ, ವಿದ್ಯುತ್ ಕೆಲಸದ ತರಬೇತಿ ಇಲ್ಲದವರ ಕೈಯಲ್ಲಿನ ಉದ್ದನೆಯ ವಸ್ತು 50 ಕೆವಿವರೆಗಿನ ತಂತಿಗೆ 10 ಅಡಿಗಿಂತ ಹತ್ತಿರ ಬರಬಾರದು ಎನ್ನುತ್ತದೆ. ಇದನ್ನೇ ನಮ್ಮ ಲೆಕ್ಕಕ್ಕೆ ಹೀಗೆ ತಿರುಗಿಸಿಕೊಳ್ಳಬಹುದು: ಕೋಲಿನ ಪೂರ್ತಿ ಉದ್ದಕ್ಕೆ 10 ಅಡಿ ಸೇರಿಸಿ, ತಂತಿಯ ನೇರ ಕೆಳಗಿನ ಜಾಗದಿಂದ ಅಷ್ಟು ದೂರ ನಿಲ್ಲಿ. 30 ಅಡಿಯ ಕೋಲಾದರೆ 40 ಅಡಿ. ಆಗ ಕೋಲು ಕೈತಪ್ಪಿ ಯಾವ ಕಡೆ ಬಿದ್ದರೂ ತಂತಿಗೆ ತಾಗದು. ಅಷ್ಟು ಜಾಗವಿಲ್ಲದ ಕಡೆ ಆ ಗಾಜನ್ನು ಒಳಗಿನಿಂದಲೇ ಒರೆಸಬೇಕು, ಇಲ್ಲವೇ ಲೈನ್ ತೆಗೆಸಬೇಕು. ಕೆಲಸ ಮಾಡುವಾಗ ಇರುವ ಎಚ್ಚರ ಜಾಗ ಬದಲಿಸುವಾಗ ಇರುವುದಿಲ್ಲ. ಆದ್ದರಿಂದ ಕೋಲನ್ನು ಪೂರ್ತಿ ಮಡಚಿ, ಮಲಗಿಸಿಯೇ ಒಯ್ಯಬೇಕು.

“ಈಗ ಕರೆಂಟಿಲ್ಲ, ಬೇಗ ಮುಗಿಸು”

ಇದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಟ್ಟ ಸಲಹೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಗಳ ಮನೆ ಫೀಡರನ್ನೂ ಪಂಪ್‌ಸೆಟ್ ಫೀಡರನ್ನೂ ಬೇರ್ಪಡಿಸಲಾಗಿದೆ. ಅರಕಲಗೂಡಿನ ಹಳ್ಳಿಯೊಂದರಲ್ಲಿ ಮನೆಯ ದೀಪ ಆರಿದ್ದಾಗಲೂ ತೋಟದ ಮೇಲಿನ ತಂತಿಯಲ್ಲಿ ವಿದ್ಯುತ್ ಇರಬಹುದು. ನಿಂತ ಲೈನೂ ಹೇಳದೆ ಕೇಳದೆ ಚಾರ್ಜ್ ಆದೀತು. ಮನೆಯ ಆರ್‌ಸಿಸಿಬಿ ಕಾಪಾಡುತ್ತದೆಯೇ? ಅದು ಮನೆಯೊಳಗಿನ ವೈರಿಂಗಿಗೆ ಮಾತ್ರ; ಹೊರಗಿನ ಲೈನ್ ಅದರ ಕಾವಲಿನಲ್ಲಿಲ್ಲ.

ಲೈನ್ ತೆಗೆಸಬೇಕಾದರೆ ಸೆಸ್ಕ್ ಶಾಖಾ ಕಚೇರಿಗೆ (ಜನರ ಬಾಯಲ್ಲಿ ಇನ್ನೂ ಕೆಇಬಿ) ಮೊದಲೇ ತಿಳಿಸಬೇಕು. ಅವರು ಎಲ್‌ಸಿ ತೆಗೆದುಕೊಂಡು, ತಂತಿಯನ್ನು ಅರ್ಥ್ ಮಾಡಿ, ಕೆಲಸ ಶುರುಮಾಡಿ ಎಂದಮೇಲಷ್ಟೇ ಕೋಲು ಎತ್ತಬೇಕು. ಪರಿಚಯದ ಲೈನ್‌ಮನ್ ಫೋನಿನಲ್ಲಿ “ಆಫ್ ಮಾಡಿದೀನಿ” ಎಂದರೆ ಸಾಲದು.

ಕೋಲು ತಾಗಿ ಯಾರಾದರೂ ಬಿದ್ದರೆ ಓಡಿಹೋಗಿ ಹಿಡಿಯಬೇಡಿ. ಒಣಗಿದ ಕಟ್ಟಿಗೆಯಿಂದ ಬಿಡಿಸುವ ಉಪಾಯ ಮನೆಯ 230 ವೋಲ್ಟಿಗೆ ಹೊಂದೀತು, 11 ಕೆವಿಗೆ ಅಲ್ಲ. ಕೋಲು ತಂತಿಗೆ ಒರಗಿಯೇ ಇದ್ದರೆ ಸುತ್ತಲಿನ ಒದ್ದೆ ನೆಲದಲ್ಲೂ ವಿದ್ಯುತ್ ಹರಡಿರುತ್ತದೆ. ಸುಮಾರು 10 ಮೀಟರ್ ಆಚೆ ನಿಂತು 1912ಕ್ಕೆ ಕರೆ ಮಾಡಿ ಲೈನ್ ನಿಲ್ಲಿಸಲು ಹೇಳಿ, 108ಕ್ಕೆ ಆಂಬುಲೆನ್ಸ್ ಕೇಳಿ. ನೀವಾಗಲೇ ಹತ್ತಿರದಲ್ಲಿದ್ದರೆ ಹೆಜ್ಜೆ ಹಾಕದೆ, ಎರಡೂ ಪಾದ ಜೋಡಿಸಿ ನೆಲಕ್ಕೆ ಉಜ್ಜುತ್ತಾ ಹಿಂದೆ ಸರಿಯಿರಿ. ಲೈನ್ ನಿಂತಿದೆ ಎಂದು ಖಚಿತವಾದ ಕೂಡಲೇ ಉಸಿರು ನೋಡಿ. ಇಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಾ, ಆಂಬುಲೆನ್ಸ್ ಬರುವತನಕ ನಿಲ್ಲಿಸದೆ ಮುಂದುವರಿಸಿ. ಎದ್ದು ಕೂತು “ಏನೂ ಆಗಿಲ್ಲ” ಎಂದವರನ್ನೂ ಆಸ್ಪತ್ರೆಗೆ ಕರೆದೊಯ್ಯಿರಿ. ಚರ್ಮದ ಮೇಲೆ ಸಣ್ಣ ಸುಟ್ಟ ಗುರುತಿದ್ದರೂ ಒಳಗೆ ಸ್ನಾಯು ಬೆಂದಿರಬಹುದು, ಹೃದಯದ ಲಯ ಆಮೇಲೆ ತಪ್ಪಬಹುದು.